ತಂದೆಯವರಿಗೆ ಪ್ರಾಸ್ಟೇಟ್ ಕ್ಯಾನ್ಸರ್: ಚಿಕಿತ್ಸೆಯ ಜೊತೆಗೆ ದಾಳಿಂಬೆ ರಸ ಕೊಡಬಹುದೇ?

ಹರಿಹರದ ಮಗ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 71 ವರ್ಷ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತಿತ್ತು, ಸೊಂಟದ ನೋವೂ ಇತ್ತು. ವೈದ್ಯರಿಗೆ ತೋರಿಸಿದಾಗ, ಪ್ರಾಸ್ಟೇಟ್ ಕಾಯಿಲೆಯ ಸುಳಿವು ಕೊಡುವ ಪಿಎಸ್‌ಎ ಎಂಬ ರಕ್ತಪರೀಕ್ಷೆಯಲ್ಲಿ 84 ಬಂತು. ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಖಚಿತವಾಯಿತು, ಬೋನ್ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಎರಡು ಕಡೆ ಹರಡಿರುವುದು ಕಂಡಿತು. ಪುರುಷ ಹಾರ್ಮೋನನ್ನು ತಗ್ಗಿಸಲು ಮೂರು ತಿಂಗಳಿಗೊಮ್ಮೆ ಕೊಡುವ ಲ್ಯೂಪ್ರೋಲೈಡ್ ಚುಚ್ಚುಮದ್ದನ್ನು ಆರಂಭಿಸಿದರು. ಈಗ ಇದೇ ಕ್ಯಾನ್ಸರ್‌ಗೆ ಕೊಡುವ ಅಬಿರಾಟೆರೋನ್ ಮಾತ್ರೆಯನ್ನು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಜೊತೆಗೆ ಬರೆದುಕೊಟ್ಟಿದ್ದಾರೆ. ಅಪ್ಪನಿಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇವೆ. ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್ ತೆಗೆದುಕೊಳ್ಳುತ್ತಾರೆ.

ಮೊದಲ ಚುಚ್ಚುಮದ್ದು ಹಾಕಿಸಿದ ವಾರದಲ್ಲೇ ದೊಡ್ಡಪ್ಪ ಮನೆಗೆ ಬಂದು, ಈ ಕಾಯಿಲೆಗೆ ದಾಳಿಂಬೆ ರಸಕ್ಕಿಂತ ದೊಡ್ಡ ಔಷಧಿ ಇಲ್ಲವೆಂದು ಹೇಳಿ ಹೋದರು. ಅಂದಿನಿಂದ ಅಮ್ಮ ಬೆಳಗ್ಗೆ ಒಂದು ದೊಡ್ಡ ಲೋಟ ದಾಳಿಂಬೆ ರಸ, ಮಧ್ಯಾಹ್ನ ಟೊಮೆಟೊ ಮತ್ತು ಕ್ಯಾರೆಟ್ ರಸ, ಸಂಜೆ ಮೂಸಂಬಿ ಅಥವಾ ಚಕ್ಕೋತದ ರಸ ಕೊಡುತ್ತಿದ್ದಾರೆ. ಬೆಳಗಿನ ಮಾತ್ರೆಯನ್ನೂ ಆ ದಾಳಿಂಬೆ ರಸದಲ್ಲೇ ನುಂಗಿಸುತ್ತಾರೆ. ಮೂರು ತಿಂಗಳಾಗುತ್ತ ಬಂದಿರುವಾಗ ಪಿಎಸ್‌ಎ 1.9ಕ್ಕೆ ಇಳಿದಿದೆ. ಇದೆಲ್ಲ ರಸದ ಗುಣವೆಂದು, ಇಷ್ಟು ದುಬಾರಿ ಚುಚ್ಚುಮದ್ದು ಇನ್ನು ಬೇಡವೆಂದು ದೊಡ್ಡಪ್ಪ ಹೇಳುತ್ತಿದ್ದಾರೆ, ಅಪ್ಪನಿಗೂ ಆ ಮಾತು ಹಿಡಿಸಿದಂತಿದೆ. ಇನ್ನೊಂದು ಕಡೆ, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.2 ಇದ್ದದ್ದು 9.1 ಆಗಿದೆ. ಎರಡನೆಯ ಚುಚ್ಚುಮದ್ದಿಗೆ ಹತ್ತು ದಿನ ಉಳಿದಿದೆ. ಹಣ್ಣಿನ ರಸದಿಂದ ನಿಜವಾಗಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ಹಾಸನದ ಫಾರ್ಮಸಿಸ್ಟ್

ಸಹೋದರರೇ, ಉಳಿದ ಚರ್ಚೆ ನಿಧಾನವಾಗಿ ನಡೆಯಲಿ, ಎರಡು ವಿಷಯಗಳನ್ನು ಮಾತ್ರ ಇಂದೇ ಸರಿಪಡಿಸಿಕೊಳ್ಳಿ.

ಮೊದಲನೆಯದು ಮಾತ್ರೆ. ಅಬಿರಾಟೆರೋನನ್ನು ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆಗೆ ಮಾತ್ರ ನುಂಗಬೇಕು. ಅದಕ್ಕೆ ಎರಡು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಏನನ್ನೂ ತಿನ್ನಬಾರದು. ಕೊಬ್ಬಿನಂಶ ಹೆಚ್ಚಿರುವ ಊಟದ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಸುಮಾರು ಹತ್ತು ಪಟ್ಟು ಏರಬಹುದು. ರಸದಲ್ಲಿ ಕೊಬ್ಬಿಲ್ಲ ಎಂಬುದು ನಿಜ, ಆದರೂ ಅದು ಆಹಾರವೇ. ಅಮ್ಮನವರಿಗೆ ತಿಳಿಸಿ, ನಾಳೆಯಿಂದ ಮಾತ್ರೆಗೆ ನೀರನ್ನು ಬಿಟ್ಟು ಬೇರೇನೂ ಬೇಡ.

ಎರಡನೆಯದು ಚಕ್ಕೋತ. ನಮ್ಮ ದೇವನಹಳ್ಳಿಯ ಚಕ್ಕೋತ ಭೌಗೋಳಿಕ ಗುರುತು ಪಡೆದಿರುವ ಒಳ್ಳೆಯ ಹಣ್ಣು, ಅದರ ಬಗ್ಗೆ ನನಗೆ ಅಭಿಮಾನವೇ ಇದೆ. ಆದರೆ ವಿದೇಶಗಳಲ್ಲಿ ಗ್ರೇಪ್‌ಫ್ರೂಟ್ ಎಂದು ಕರೆಯುವ ಹಣ್ಣು ಚಕ್ಕೋತ ಮತ್ತು ಕಿತ್ತಳೆಯ ಸಂಕರದಿಂದ ಹುಟ್ಟಿದ್ದು, ಫ್ಯುರಾನೋಕೂಮರಿನ್ ಎಂಬ ಒಂದೇ ಬಗೆಯ ರಾಸಾಯನಿಕಗಳು ಎರಡರಲ್ಲೂ ಇರುತ್ತವೆ. ಕರುಳಿನ ಗೋಡೆಯಲ್ಲಿ ಅನೇಕ ಔಷಧಗಳನ್ನು ಒಡೆಯುವ ಸಿವೈಪಿ3ಎ4 ಎಂಬ ಕಿಣ್ವವನ್ನು ಇವು ಕೆಡಿಸುತ್ತವೆ. ಕಿಣ್ವ ಹೊಸದಾಗಿ ತಯಾರಾಗಬೇಕಾದ ಕಾರಣ ಬೆಳಗ್ಗೆ ಕುಡಿದ ರಸದ ಪರಿಣಾಮ ಮರುದಿನದವರೆಗೂ ಉಳಿಯಬಹುದು. ಕೆನಡಾದ ಡೇವಿಡ್ ಬೈಲಿ ಮತ್ತು ಅವರ ಸಂಗಡಿಗರು ಫೆಲೋಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆಯ ಮೇಲೆ ಮದ್ಯದ ಪರಿಣಾಮವನ್ನು ಪರೀಕ್ಷಿಸುತ್ತಿದ್ದಾಗ, ಮದ್ಯದ ರುಚಿ ತಿಳಿಯದಿರಲೆಂದು ಗ್ರೇಪ್‌ಫ್ರೂಟ್ ರಸವನ್ನು ಬೆರೆಸಿದ್ದರು. ರಕ್ತದಲ್ಲಿ ಔಷಧದ ಮಟ್ಟ ನಿರೀಕ್ಷೆ ಮೀರಿ ಏರಿದ್ದಕ್ಕೆ ಆ ರಸವೇ ಕಾರಣವೆಂದು ಕೊನೆಗೆ ತಿಳಿಯಿತು. 1989 ಮತ್ತು 1991ರಲ್ಲಿ ಪ್ರಕಟವಾದ ಸಂಗತಿ ಇದು. ನಿಮ್ಮ ತಂದೆಯವರ ಅಟೋರ್ವಾಸ್ಟಾಟಿನ್ ಇದೇ ಕಿಣ್ವದಿಂದ ಕರಗುತ್ತದೆ. ಮುಂದೆ ಡೋಸೆಟಾಕ್ಸೆಲ್ ಎಂಬ ಕೀಮೋ ಔಷಧ ಕೊಡಬೇಕಾಗಿ ಬಂದರೆ ಅದೂ ಇದೇ ಹಾದಿಯದು. ಆದ್ದರಿಂದ ಚಕ್ಕೋತದ ರಸವನ್ನು ನಿಲ್ಲಿಸಿ, ವೈದ್ಯರಿಗೆ ಮರೆಯದೆ ತಿಳಿಸಿ.

ಪಿಎಸ್‌ಎ ಇಳಿದಿರುವ ವಿಷಯಕ್ಕೆ ಬಂದರೆ, ಅದು ಚುಚ್ಚುಮದ್ದು ಮಾಡಲೆಂದೇ ಇರುವ ಕೆಲಸ. ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನನ್ನು ಅವಲಂಬಿಸಿ ಬೆಳೆಯುತ್ತದೆ ಎಂಬುದನ್ನು ಚಾರ್ಲ್ಸ್ ಹಗಿನ್ಸ್ ಅವರು 1941ರಲ್ಲಿ ತೋರಿಸಿದರು, 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಟೆಸ್ಟೋಸ್ಟೆರಾನ್ ಉತ್ಪತ್ತಿಯನ್ನು ತಗ್ಗಿಸುವ ಈ ಚಿಕಿತ್ಸೆ ಆರಂಭವಾದ ಕೆಲವು ತಿಂಗಳಲ್ಲಿ ಹೆಚ್ಚಿನವರ ಪಿಎಸ್‌ಎ ಹೀಗೆಯೇ ಕುಸಿಯುತ್ತದೆ, ರಸ ಮುಟ್ಟದವರಲ್ಲಿಯೂ ಕುಸಿಯುತ್ತದೆ. ಮುಂದಿನ ಚುಚ್ಚುಮದ್ದನ್ನು ತಪ್ಪಿಸಿದರೆ ಹಾರ್ಮೋನ್ ಮತ್ತೆ ಏರುತ್ತದೆ, ಅದರ ಹಿಂದೆಯೇ ಕಾಯಿಲೆಯೂ ಏರುತ್ತದೆ. ದಯವಿಟ್ಟು ತಪ್ಪಿಸಬೇಡಿ.

ಧಾರವಾಡದ ನಿವೃತ್ತ ಶಿಕ್ಷಕ

ನಾನು ಇದೇ ಕಾಯಿಲೆಯವನು. ಒಂಬತ್ತು ವರ್ಷಗಳ ಹಿಂದೆ ಪ್ರಾಸ್ಟೇಟ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಮೂರು ವರ್ಷದ ಬಳಿಕ, ಸೊನ್ನೆಯ ಹತ್ತಿರ ಇರಬೇಕಾದ ಪಿಎಸ್‌ಎ ನಿಧಾನವಾಗಿ ಏರತೊಡಗಿತು. ಆಗ ನಾನೂ ದಾಳಿಂಬೆ ರಸದ ಮೊರೆ ಹೋದೆ. ಹೋಗುವ ಮೊದಲು ಸಿಕ್ಕಿದ್ದನ್ನೆಲ್ಲ ಓದಿದೆ, ಹೋದ ಮೇಲೂ ಓದುತ್ತಲೇ ಇದ್ದೆ. ಆ ಓದು ನಿಮಗೆ ಉಪಯೋಗವಾದೀತು.

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ದೊಡ್ಡಪ್ಪನವರ ಪರವಾಗಿ ಹೇಳಬೇಕು. 2006ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲನ್ ಪ್ಯಾಂಟಕ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಅಥವಾ ವಿಕಿರಣದ ನಂತರ ಪಿಎಸ್‌ಎ ಏರುತ್ತಿದ್ದ 46 ಪುರುಷರಿಗೆ ದಿನಕ್ಕೆ ಸುಮಾರು 240 ಮಿ.ಲೀ. ದಾಳಿಂಬೆ ರಸ ಕೊಟ್ಟಿದ್ದರು. ಪಿಎಸ್‌ಎ ಎರಡು ಪಟ್ಟಾಗಲು ಮೊದಲು ಸರಾಸರಿ 15 ತಿಂಗಳು ಹಿಡಿಯುತ್ತಿದ್ದದ್ದು, ರಸ ಆರಂಭಿಸಿದ ಮೇಲೆ 54 ತಿಂಗಳಿಗೆ ಹಿಗ್ಗಿತು. ಆ 54 ಎಂಬ ಅಂಕಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಮರುದಿನವೇ ಮಾರುಕಟ್ಟೆಗೆ ಹೋಗಿ ಎರಡು ಕಿಲೋ ಹಣ್ಣು ತಂದೆ.

ಆದರೆ ಆ ಅಧ್ಯಯನದಲ್ಲಿ ರಸ ಕುಡಿಯದ ಹೋಲಿಕೆಯ ಗುಂಪು ಇರಲಿಲ್ಲ. ಅದು ಎಷ್ಟು ದೊಡ್ಡ ಕೊರತೆ ಎಂಬುದು ಒಂಬತ್ತು ವರ್ಷಗಳ ನಂತರ, 2015ರಲ್ಲಿ, ಅದೇ ಪ್ಯಾಂಟಕ್ ಅವರು ಪ್ರಕಟಿಸಿದ ಎರಡನೆಯ ಪ್ರಯೋಗದಿಂದ ತಿಳಿಯುತ್ತದೆ. ಈ ಸಲ 183 ಜನರಿದ್ದರು. ಕೆಲವರಿಗೆ ದಾಳಿಂಬೆಯ ಸಾರ ಅಥವಾ ರಸ, ಉಳಿದವರಿಗೆ ನೋಡಲು ಹಾಗೆಯೇ ಇರುವ, ದಾಳಿಂಬೆಯ ಅಂಶವಿಲ್ಲದ ಪಾನೀಯ. ಯಾರಿಗೆ ಯಾವುದು ಎಂಬುದು ಕೊಟ್ಟವರಿಗೂ ಕುಡಿದವರಿಗೂ ಗೊತ್ತಿರಲಿಲ್ಲ. ಸಾರ ಕುಡಿದವರಲ್ಲಿ ಪಿಎಸ್‌ಎ ದ್ವಿಗುಣಗೊಳ್ಳುವ ಅವಧಿ 12.9 ತಿಂಗಳಿಂದ 14.5ಕ್ಕೆ ಹೋಯಿತು. ಏನೂ ಇಲ್ಲದ ಪಾನೀಯ ಕುಡಿದವರಲ್ಲಿ ಅದು 11.1ರಿಂದ 15.6ಕ್ಕೆ ಹೋಯಿತು. ಗುಂಪುಗಳ ನಡುವೆ ಲೆಕ್ಕಕ್ಕೆ ಬರುವ ವ್ಯತ್ಯಾಸ ಕಾಣಲಿಲ್ಲ. ಒಂದು ನಿರ್ದಿಷ್ಟ ವಂಶವಾಹಿ ಬಗೆಯವರಲ್ಲಿ ಸ್ವಲ್ಪ ಪ್ರಯೋಜನ ಕಂಡಂತಿತ್ತು, ಅದನ್ನು ಬೇರೆ ಪ್ರಯೋಗದಲ್ಲಿ ದೃಢಪಡಿಸಿಕೊಳ್ಳಬೇಕು. ನಡುವೆ 2013ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 104 ಜನರಿಗೆ ದಿನಕ್ಕೆ 1 ಗ್ರಾಂ ಅಥವಾ 3 ಗ್ರಾಂ ಸಾರ ಕೊಟ್ಟು ನೋಡಿದ್ದರು. ಒಟ್ಟಾರೆ ಅವಧಿ 11.9ರಿಂದ 18.5 ತಿಂಗಳಿಗೆ ಏರಿತಾದರೂ ಮೂರು ಪಟ್ಟು ಕೊಟ್ಟವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ, ಅಲ್ಲಿಯೂ ಹೋಲಿಕೆಯ ಗುಂಪು ಇರಲಿಲ್ಲ.

ಏನೂ ಕುಡಿಯದವರಲ್ಲೂ ಅವಧಿ ಏಕೆ ಹಿಗ್ಗುತ್ತದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಪಿಎಸ್‌ಎ ಒಂದೇ ವೇಗದಲ್ಲಿ ಏರುವುದಿಲ್ಲ. ವೇಗವಾಗಿ ಏರಿದ ಹೊತ್ತಿನಲ್ಲೇ ನಾವು ಗಾಬರಿಗೊಂಡು ಹೊಸದೊಂದನ್ನು ಆರಂಭಿಸುತ್ತೇವೆ, ಆಮೇಲೆ ಅದು ತಾನಾಗಿ ಸ್ವಲ್ಪ ನಿಧಾನವಾದರೆ ಶ್ರೇಯಸ್ಸು ಆಗ ಕೈಯಲ್ಲಿದ್ದ ಲೋಟಕ್ಕೆ ಸಲ್ಲುತ್ತದೆ. ನನಗೂ ಮೊದಲ ಆರು ತಿಂಗಳು ಹಾಗೆಯೇ ಅನ್ನಿಸಿತ್ತು. ಎರಡನೆಯ ವರ್ಷ ಪಿಎಸ್‌ಎ ಮತ್ತೆ ಏರಿತು, ವಿಕಿರಣ ಚಿಕಿತ್ಸೆ ಪಡೆದೆ, ಈಗ ನೆಮ್ಮದಿಯಿಂದಿದ್ದೇನೆ. ವಿಕಿರಣದ ವಿಷಯವನ್ನು ವೈದ್ಯರು ಮೊದಲೇ ಎತ್ತಿದ್ದರು. ರಸದ ಮೇಲಿನ ನಂಬಿಕೆಯಿಂದ ಒಂದು ವರ್ಷ ಮುಂದೂಡಿದ್ದು ನನ್ನ ತಪ್ಪು, ಆ ಒಂದು ವರ್ಷದ ಬಗ್ಗೆ ನನಗೆ ಇಂದಿಗೂ ಬೇಸರವಿದೆ.

ಶಿವಮೊಗ್ಗದ ಗೃಹಸ್ಥ

ಮೇಷ್ಟ್ರೇ, ತಮ್ಮ ಓದಿನ ಬಗ್ಗೆ ಗೌರವವಿದೆ. ಆದರೆ ಪ್ರಕೃತಿ ಕೊಟ್ಟದ್ದನ್ನೆಲ್ಲ ಪ್ರಯೋಗಶಾಲೆಯ ಅಳತೆಗೋಲಿನಿಂದಲೇ ಅಳೆಯಬೇಕೇ? ನಮ್ಮ ಸೋದರಮಾವ ಇದೇ ಕಾಯಿಲೆಗೆ ಲಕ್ಷ್ಮಣ ಫಲದ ರಸವನ್ನೂ ಎಲೆಯ ಕಷಾಯವನ್ನೂ ಕುಡಿಯುತ್ತ ಆರು ವರ್ಷ ಕಳೆದಿದ್ದಾರೆ. ಕೀಮೋಗಿಂತ ಹತ್ತು ಸಾವಿರ ಪಟ್ಟು ಪ್ರಬಲ ಎಂಬ ಮಾಹಿತಿ ಎಲ್ಲ ಕಡೆ ಹರಿದಾಡುತ್ತಿದೆ. ಹಣ್ಣು ತಿಂದು ಕೆಟ್ಟವರು ಯಾರೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಸನದ ಫಾರ್ಮಸಿಸ್ಟ್

ಸರ್, ನಿಮ್ಮ ಸೋದರಮಾವ ಆರು ವರ್ಷ ಕ್ಷೇಮವಾಗಿರುವುದು ಸಂತೋಷದ ವಿಷಯ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಬಹಳ ನಿಧಾನವಾಗಿ ಬೆಳೆಯುವ ಬಗೆಗಳಿವೆ. ಅಂಥವರಿಗೆ ವೈದ್ಯರೇ ಚಿಕಿತ್ಸೆ ಕೊಡದೆ ವರ್ಷಗಟ್ಟಲೆ ಪಿಎಸ್‌ಎ ಮತ್ತು ಬಯಾಪ್ಸಿ ನೋಡುತ್ತ ನಿಗಾ ಇಡುತ್ತಾರೆ. ಅವರದು ಯಾವ ಬಗೆ, ಬಯಾಪ್ಸಿಯಲ್ಲಿ ಕ್ಯಾನ್ಸರ್‌ನ ಉಗ್ರತೆ ಅಳೆಯುವ ಗ್ಲೀಸನ್ ಅಂಕ ಎಷ್ಟು ಎಂಬುದು ತಿಳಿಯದೆ ರಸದ ಪಾಲು ಎಷ್ಟೆಂದು ಹೇಳಲಾಗದು.

ಹತ್ತು ಸಾವಿರ ಪಟ್ಟು ಎಂಬ ಮಾತು ಮನುಷ್ಯರ ಮೇಲೆ ನಡೆದ ಯಾವ ಪ್ರಯೋಗದಿಂದಲೂ ಬಂದದ್ದಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲಿನ ಪರೀಕ್ಷೆಯನ್ನು ಹಿಗ್ಗಿಸಿ ಹೇಳಿದ್ದು. ಇನ್ನು ಹಣ್ಣಿನಿಂದ ಕೆಡುಕೇ ಇಲ್ಲ ಎಂಬ ಮಾತು. ಲಕ್ಷ್ಮಣ ಫಲದಲ್ಲಿ ಅನ್ನೋನಾಸಿನ್ ಎಂಬ, ನರಕೋಶಗಳಿಗೆ ವಿಷವಾಗಬಲ್ಲ ಪದಾರ್ಥವಿದೆ. ಕೆರಿಬಿಯನ್ ದ್ವೀಪವಾದ ಗ್ವಾಡಲೂಪ್‌ನಲ್ಲಿ ಈ ಜಾತಿಯ ಹಣ್ಣನ್ನೂ ಎಲೆಯ ಕಷಾಯವನ್ನೂ ಹೆಚ್ಚಾಗಿ ಸೇವಿಸುವವರಲ್ಲಿ ಪಾರ್ಕಿನ್ಸನ್ ಹೋಲುವ, ಮಾಮೂಲಿ ಔಷಧಕ್ಕೆ ಸರಿಯಾಗಿ ಬಗ್ಗದ ಕಾಯಿಲೆ ಕಂಡುಬಂದದ್ದನ್ನು 1999ರಲ್ಲೇ ವೈದ್ಯರು ವರದಿ ಮಾಡಿದ್ದಾರೆ. ಅಪರೂಪಕ್ಕೆ ಒಂದು ಹಣ್ಣು ತಿಂದರೆ ಭಯಪಡಬೇಕಿಲ್ಲ. ದಿನವೂ ವರ್ಷಗಟ್ಟಲೆ ಕುಡಿಯುವುದು ಬೇರೆ ಮಾತು. ಹಾಗೆಯೇ ಕರಾವಳಿಯವರು ಧಾರೆಹುಳಿ ಎನ್ನುವ ಕಮರಾಕ್ಷಿ ಹಣ್ಣು ಮೂತ್ರಪಿಂಡ ಸೋತವರಿಗೆ ಪ್ರಾಣಾಪಾಯ ತರಬಲ್ಲದು. ಬೆಳೆದ ಪ್ರಾಸ್ಟೇಟ್ ಗೆಡ್ಡೆ ಮೂತ್ರನಾಳವನ್ನು ಒತ್ತಿ ಮೂತ್ರಪಿಂಡವನ್ನು ಹಾಳುಮಾಡುವುದುಂಟು, ಆದ್ದರಿಂದ ಈ ಎಚ್ಚರಿಕೆ ನಮ್ಮ ವಿಷಯಕ್ಕೂ ಸೇರಿದ್ದೇ.

ನ್ಯೂಜೆರ್ಸಿಯಲ್ಲಿರುವ ಕನ್ನಡಿಗ

ಮೇಷ್ಟ್ರು ಹೇಳಿದ 15 ಮತ್ತು 54ರ ಅಂಕಿಗಳಿಗೆ ಇಲ್ಲಿ ನ್ಯಾಯಾಲಯದ ಕಥೆಯೂ ಇದೆ. ಪಾಮ್ ವಂಡರ್‌ಫುಲ್ ಎಂಬ ದಾಳಿಂಬೆ ರಸದ ಕಂಪನಿ ಆ ಸಂಶೋಧನೆಗಳಿಗೆ ಹಣ ಕೊಟ್ಟು, ಫಲಿತಾಂಶವನ್ನು ಜಾಹೀರಾತಿನಲ್ಲಿ ಬಳಸಿತ್ತು. ಹೃದ್ರೋಗ, ಪ್ರಾಸ್ಟೇಟ್ ಕ್ಯಾನ್ಸರ್ ಮುಂತಾದವುಗಳ ಬಗ್ಗೆ ಸಾಕಷ್ಟು ಆಧಾರವಿಲ್ಲದೆ ಜನರನ್ನು ನಂಬಿಸಲಾಗುತ್ತಿದೆ ಎಂದು ಸುಳ್ಳು ಜಾಹೀರಾತುಗಳ ಮೇಲೆ ಕಣ್ಣಿಡುವ ಇಲ್ಲಿನ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ದೂರು ಹೂಡಿತು. 2013ರಲ್ಲಿ ಕಮಿಷನ್ ಕಂಪನಿಯ ವಿರುದ್ಧ ಆದೇಶ ನೀಡಿತು, 2015ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಅದನ್ನು ಬಹುಪಾಲು ಎತ್ತಿಹಿಡಿಯಿತು, 2016ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಕಾಯಿಲೆ ಗುಣವಾಗುತ್ತದೆ ಅಥವಾ ತಡೆಯಬಹುದು ಎಂದು ಹೇಳಬೇಕಾದರೆ ಹೋಲಿಕೆಯ ಗುಂಪಿರುವ ಸರಿಯಾದ ಪ್ರಯೋಗ ಒಂದಾದರೂ ಇರಬೇಕು ಎಂಬುದು ಮೇಲ್ಮನವಿ ನ್ಯಾಯಾಲಯದ ನಿಲುವಾಗಿತ್ತು. ಊರಿನ ಬಂಧುಗಳು ಕಳುಹಿಸುವ ಸಂದೇಶಗಳಲ್ಲಿ ಆ ಹಳೆಯ ಅಂಕಿಗಳು ಇನ್ನೂ ಓಡಾಡುತ್ತಿವೆ, ಆಮೇಲೆ ಆದದ್ದು ಮಾತ್ರ ಜೊತೆಗೆ ಬರುವುದಿಲ್ಲ.

ಕುಷ್ಟಗಿಯ ದಾಳಿಂಬೆ ಬೆಳೆಗಾರ

ನಾನು ವೈದ್ಯಕೀಯ ತಿಳಿದವನಲ್ಲ, ಹಣ್ಣಿನ ಬಗ್ಗೆ ಮಾತ್ರ ಹೇಳುತ್ತೇನೆ. ಅಮೆರಿಕದ ಆ ರಸವನ್ನು ಸಿಪ್ಪೆಸಹಿತ ಇಡೀ ಹಣ್ಣನ್ನು ಹಿಂಡಿ ತೆಗೆಯುತ್ತಾರೆ. ಅದರ ಒಗರು ಮತ್ತು ಅವರು ಹೊಗಳುವ ಪ್ಯುನಿಕಾಲಜಿನ್ ಎಂಬ ಪದಾರ್ಥ ಮುಖ್ಯವಾಗಿ ಸಿಪ್ಪೆಯಿಂದ ಬರುತ್ತವೆ. ನಾವು ಮನೆಯಲ್ಲಿ ಭಗವಾ ತಳಿಯ ಹಣ್ಣಿನ ಕಾಳು ಬಿಡಿಸಿ ಮಿಕ್ಸಿಗೆ ಹಾಕಿ ಸೋಸುವ ಸಿಹಿ ರಸ ಅದಕ್ಕೆ ಸಮನಲ್ಲ. ಹೀಗೆಂದ ಕೂಡಲೇ ಕೆಲವರು ಸಿಪ್ಪೆಯನ್ನೂ ಅರೆದು ಕುಡಿಸಲು ಹೊರಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ದುಂಡಾಣು ಅಂಗಮಾರಿ ರೋಗದಿಂದ ತೋಟ ಉಳಿಸಿಕೊಳ್ಳಲು ನಾವು ತಾಮ್ರದ ಔಷಧಿಯನ್ನು ಸಿಂಪಡಿಸುತ್ತೇವೆ, ಕೀಟಕ್ಕೆ ಬೇರೆ ಔಷಧಿಗಳಿರುತ್ತವೆ. ಅವೆಲ್ಲ ಬೀಳುವುದು ಸಿಪ್ಪೆಯ ಮೇಲೆಯೇ. ಕಾಳನ್ನು ಕಾಳಾಗಿಯೇ ಅಗಿದು ತಿನ್ನಲಿ, ಬೆಳೆದವನಾಗಿ ನನಗೆ ಅದೇ ತೃಪ್ತಿ.

ಮೈಸೂರಿನ ಆಹಾರ ತಜ್ಞೆ

ಕುಷ್ಟಗಿಯವರ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹರಿಹರದ ತಂದೆಯವರಿಗೆ ಅಗತ್ಯವಾದ ಬದಲಾವಣೆ ಅದರಲ್ಲೇ ಇದೆ. ಒಂದು ದೊಡ್ಡ ಲೋಟ, ಅಂದರೆ 250 ಮಿ.ಲೀ. ದಾಳಿಂಬೆ ರಸದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಹಣ್ಣಿನಲ್ಲಿದ್ದಾಗ ಅದೇ ಸಕ್ಕರೆಯ ಜೊತೆ ನಾರು ಇರುತ್ತದೆ, ಅಗಿಯುವ ಸಮಯ ಇರುತ್ತದೆ, ಹೊಟ್ಟೆ ತುಂಬಿತೆಂಬ ತೃಪ್ತಿ ಇರುತ್ತದೆ. ಸೋಸಿದಾಗ ಇವೆಲ್ಲ ಹೊರಟುಹೋಗುತ್ತವೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನು, ನಾವು ಚಹಾಕ್ಕೆ ಹಾಕುವ ಸಕ್ಕರೆಯ ಗುಂಪಿನಲ್ಲೇ ಇರಿಸಿದೆ, ಇಡೀ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದಿದೆ. ಮೂರು ಲೋಟ ಎಲ್ಲಿಗೆ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ.

ಹಾರ್ಮೋನ್ ತಗ್ಗಿಸುವ ಚಿಕಿತ್ಸೆಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಸ್ನಾಯು ಕರಗಿ ಕೊಬ್ಬು ಸೇರುತ್ತದೆ, ಮೂಳೆ ಸವೆಯುತ್ತದೆ. ಪ್ರೆಡ್ನಿಸೋಲೋನ್ ಕೂಡ ಸಕ್ಕರೆಯನ್ನು ಏರಿಸುತ್ತದೆ. ಎಚ್‌ಬಿಎ1ಸಿ 9.1 ಆದದ್ದಕ್ಕೆ ರಸವೊಂದೇ ಕಾರಣವೆಂದು ಅಮ್ಮನವರನ್ನು ದೂರಬೇಡಿ. ಆದರೆ ಕಾರಣಗಳಲ್ಲಿ ನಮ್ಮ ಕೈಯಲ್ಲಿ ಇಂದೇ ಬದಲಾಯಿಸಬಹುದಾದದ್ದು ಅದೇ. ಅರ್ಧ ಬಟ್ಟಲು ದಾಳಿಂಬೆ ಕಾಳು, ಒಂದು ಸೀಬೆಹಣ್ಣು, ಒಗ್ಗರಣೆ ಹಾಕಿದ ಟೊಮೆಟೊ ಗೊಜ್ಜು ಅಥವಾ ಸಾರು ಸಾಕು. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಹಸಿ ರಸಕ್ಕಿಂತ, ಎಣ್ಣೆಯಲ್ಲಿ ಬೇಯಿಸಿದಾಗ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಇದರಿಂದ ಕ್ಯಾನ್ಸರ್ ಹಿಮ್ಮೆಟ್ಟುತ್ತದೆ ಎಂದು ಮಾತ್ರ ನಾನು ಹೇಳುವುದಿಲ್ಲ. ನಿಗಾದಲ್ಲಿದ್ದ 478 ಪುರುಷರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಎರಡು ವರ್ಷ ತರಕಾರಿ ಹೆಚ್ಚಿಸಿ ನೋಡಿದ ಅಮೆರಿಕದ ಮೀಲ್ ಎಂಬ ಅಧ್ಯಯನದ ಫಲಿತಾಂಶ 2020ರಲ್ಲಿ ಬಂತು. ಅವರು ನಿಜವಾಗಿಯೂ ಹೆಚ್ಚು ತರಕಾರಿ ತಿಂದರು, ಆದರೆ ಕಾಯಿಲೆ ಮುಂದುವರಿಯುವುದು ಅದರಿಂದ ಕಡಿಮೆಯಾಗಲಿಲ್ಲ. ಒಳ್ಳೆಯ ಊಟದಿಂದ ಹೃದಯಕ್ಕೆ, ಸಕ್ಕರೆಗೆ, ಮಲಬದ್ಧತೆಗೆ ಆಗುವ ಲಾಭ ಸಾಕಷ್ಟಿದೆ, ಕೊಡಲು ಅಷ್ಟೇ ಕಾರಣ ಸಾಲದೇ?

ರಸವೇ ಬೇಕಾಗುವ ರೋಗಿಗಳೂ ಇದ್ದಾರೆ ಎಂಬುದನ್ನು ಮರೆಯಬಾರದು. ಕೀಮೋ ಪಡೆಯುವಾಗ ಬಾಯಿ ಹುಣ್ಣಾಗಿ ಏನೂ ನುಂಗಲಾಗದವರಿಗೆ, ತೂಕ ಇಳಿಯುತ್ತಿರುವವರಿಗೆ ಒಂದು ಲೋಟ ತಾಜಾ ರಸ ದೊಡ್ಡ ಆಸರೆ. ಅದನ್ನು ಮನೆಯಲ್ಲೇ ತೊಳೆದ ಹಣ್ಣಿನಿಂದ ಮಾಡಿ. ಬಿಳಿ ರಕ್ತಕಣ ಇಳಿದಿರುವಾಗ ರಸ್ತೆ ಬದಿಯ ಮಂಜುಗಡ್ಡೆ ಹಾಕಿದ ಕಬ್ಬಿನ ಹಾಲು ಬೇಡವೇ ಬೇಡ. ವಿಕಿರಣದ ಸಮಯದಲ್ಲಿ ಭೇದಿ ಅಥವಾ ಉರಿಮೂತ್ರ ಇದ್ದರೆ ಹುಳಿ ರಸಗಳನ್ನು ಬಿಡಬೇಕಾಗಬಹುದು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಏರಿದ್ದರೆ ಎಳನೀರನ್ನೂ ಸೇರಿಸಿ ಪೊಟ್ಯಾಸಿಯಂ ಹೆಚ್ಚಿರುವ ಎಲ್ಲವನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು. ಅಬಿರಾಟೆರೋನ್ ಕೆಲವರಲ್ಲಿ ಪೊಟ್ಯಾಸಿಯಂ ಇಳಿಸುವುದೂ ಉಂಟು, ಆದ್ದರಿಂದ ರಕ್ತಪರೀಕ್ಷೆ ನೋಡದೆ ಹೆಚ್ಚು ಕಡಿಮೆ ಮಾಡಬೇಡಿ.

ಹೆಸರು ಹೇಳಲು ಇಚ್ಛಿಸದ ಮಗಳು

ಇದನ್ನು ಬರೆಯುವುದು ನನಗೆ ಸುಲಭವಲ್ಲ. ನನ್ನ ಅಪ್ಪನಿಗೂ ಮೂಳೆಗೆ ಹರಡಿತ್ತು. ಚುಚ್ಚುಮದ್ದಿನಿಂದ ಮೈ ಬಿಸಿಯೇರಿ ಬೆವರುವುದು, ಸುಸ್ತು, ಮನಸ್ಸು ಕುಗ್ಗುವುದು ಆಗುತ್ತಿತ್ತು. ಒಬ್ಬರು ಎಲ್ಲ ಔಷಧಿಯನ್ನೂ ಬಿಡಿಸಿ ದಿನಕ್ಕೆ ಹನ್ನೆರಡು ಹದಿಮೂರು ಲೋಟ ರಸ ಕುಡಿಯುವ ಪಥ್ಯ ಹೇಳಿದರು. ಹಿಂದೆ ಮ್ಯಾಕ್ಸ್ ಗೆರ್ಸನ್ ಎಂಬವರು ಹೇಳಿದ ಪದ್ಧತಿಯನ್ನು ಹೋಲುವ ಪಥ್ಯ ಅದು ಎಂದು ನಂತರ ಓದಿ ತಿಳಿದೆ. ಅಡ್ಡಪರಿಣಾಮಗಳು ನಿಂತದ್ದರಿಂದ ಮೊದಲ ಎರಡು ತಿಂಗಳು ಅಪ್ಪ ಚೆನ್ನಾಗಿಯೇ ಇದ್ದರು. ಗುಣವಾಗುತ್ತಿದೆ ಎಂದು ನಾವೆಲ್ಲ ನಂಬಿದೆವು. ಐದನೆಯ ತಿಂಗಳು ಒಂದು ಬೆಳಗ್ಗೆ ಅವರಿಗೆ ಕಾಲು ಎತ್ತಲಾಗಲಿಲ್ಲ. ಬೆನ್ನುಮೂಳೆಯ ಗೆಡ್ಡೆ ನರಹುರಿಯನ್ನು ಒತ್ತಿತ್ತು. ಮತ್ತೆ ನಡೆಯಲೇ ಇಲ್ಲ.

ಸಹೋದರರೇ, ನಿಮ್ಮ ತಂದೆಗೂ ಬೆನ್ನುಮೂಳೆಯಲ್ಲಿದೆ ಎಂದು ಬರೆದಿದ್ದೀರಿ. ಬೆನ್ನುನೋವು ಏಕಾಏಕಿ ಹೆಚ್ಚಾದರೆ, ಕಾಲು ಜೋಮು ಹಿಡಿದರೆ ಅಥವಾ ಸೋತರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ರಾತ್ರಿಯೂ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಧಾರವಾಡದ ನಿವೃತ್ತ ಶಿಕ್ಷಕ

ತಾಯೀ, ನಿಮ್ಮ ಮಾತು ಓದಿ ಮನಸ್ಸು ಭಾರವಾಯಿತು. ಬರೆದದ್ದಕ್ಕೆ ಕೃತಜ್ಞತೆಗಳು.

ಶಿವಮೊಗ್ಗದವರಿಗೆ ಒಂದು ಮಾತು ಸೇರಿಸುತ್ತೇನೆ. ಈ ಪ್ರಶ್ನೆ ಪೂರ್ತಿ ಮುಗಿದಿದೆ ಎಂದು ನಾನೂ ಹೇಳುವುದಿಲ್ಲ. 2014ರಲ್ಲಿ ಬ್ರಿಟನ್ನಿನಲ್ಲಿ 199 ಪುರುಷರಿಗೆ ದಾಳಿಂಬೆ, ಹಸಿರು ಚಹಾ, ಬ್ರೊಕೋಲಿ ಮತ್ತು ಅರಿಶಿನ ಸೇರಿದ ಗುಳಿಗೆ ಕೊಟ್ಟ ಪ್ರಯೋಗದಲ್ಲಿ ಹೋಲಿಕೆಯ ಗುಂಪೂ ಇತ್ತು. ಆರು ತಿಂಗಳಲ್ಲಿ ಗುಳಿಗೆ ತಿಂದವರ ಪಿಎಸ್‌ಎ ಶೇ. 14.7ರಷ್ಟು, ತಿನ್ನದವರದು ಶೇ. 78.5ರಷ್ಟು ಏರಿತು. ಗಮನಿಸಬೇಕಾದ ವ್ಯತ್ಯಾಸವೇ. ಆದರೆ ಅದು ಆರು ತಿಂಗಳ ಪಿಎಸ್‌ಎ ಲೆಕ್ಕ ಮಾತ್ರ, ಆಯುಷ್ಯದ ಲೆಕ್ಕವಲ್ಲ; ಅದು ರಸವೂ ಅಲ್ಲ. ಇನ್ನೊಂದು ಕಡೆ, 35,000ಕ್ಕೂ ಹೆಚ್ಚು ಆರೋಗ್ಯವಂತ ಪುರುಷರಿಗೆ ಸೆಲೆನಿಯಂ ಮತ್ತು ಇ ಜೀವಸತ್ವ ಕೊಟ್ಟು ನೋಡಿದ ಸೆಲೆಕ್ಟ್ ಎಂಬ ಪ್ರಯೋಗವನ್ನು ಪ್ರಯೋಜನ ಕಾಣದೆ 2008ರಲ್ಲಿ ನಿಲ್ಲಿಸಿದರು. 2011ರ ಹೊತ್ತಿಗೆ ಇ ಜೀವಸತ್ವ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು ಎಂದು ತಿಳಿಯಿತು. ಅದು ಕೂಡ ಆಹಾರದಲ್ಲಿರುವ ಪದಾರ್ಥವೇ ಅಲ್ಲವೇ?

ಹರಿಹರದ ಮಗ

ಎಲ್ಲರಿಗೂ ಋಣಿ. ನಿನ್ನೆ ವೈದ್ಯರಿಗೆ ಫೋನ್ ಮಾಡಿ, ಕೊಡುತ್ತಿದ್ದ ರಸಗಳೆಲ್ಲವನ್ನೂ ಮುಚ್ಚಿಡದೆ ಹೇಳಿದೆ. ಮಾತ್ರೆಯನ್ನು ನೀರಿನಲ್ಲೇ ಕೊಡಬೇಕು, ಚಕ್ಕೋತ ಬೇಡ ಎಂದರು. ಯಕೃತ್ತು, ಪೊಟ್ಯಾಸಿಯಂ ಮತ್ತು ಸಕ್ಕರೆಯ ಪರೀಕ್ಷೆಗಳನ್ನು ಬರೆದುಕೊಟ್ಟರು. ಚುಚ್ಚುಮದ್ದನ್ನು ನಿಗದಿಯಾದ ದಿನವೇ ಹಾಕಿಸುತ್ತೇವೆ.

ಅಮ್ಮನಿಗೆ ಹೇಳುವುದೇ ಕಷ್ಟವಾಗಿತ್ತು. ಮೂರು ತಿಂಗಳು ದಿನವೂ ಕಾಳು ಬಿಡಿಸಿ ಅವರ ಬೆರಳ ತುದಿಗಳು ಕಪ್ಪಾಗಿವೆ. ನೀನು ಮಾಡಿದ್ದು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ, ಸೋಸುವುದನ್ನು ಮಾತ್ರ ಬಿಟ್ಟುಬಿಡು ಎಂದೆ. ಇಂದು ಮಧ್ಯಾಹ್ನದ ಊಟದ ನಂತರ ಚಿಕ್ಕ ಬಟ್ಟಲಿನಲ್ಲಿ ಕಾಳು ಹಾಕಿ ಅಪ್ಪನ ಮುಂದಿಟ್ಟರು. ಅಪ್ಪ ಜಗಲಿಯ ಮೇಲೆ ಕುಳಿತು ನಿಧಾನವಾಗಿ ಅಗಿದು ತಿಂದರು, ಅಮ್ಮನಿಗೂ ಒಂದು ಹಿಡಿ ಕೊಟ್ಟರು. ದೊಡ್ಡಪ್ಪ ಭಾನುವಾರ ಬರುತ್ತಾರೆ. ಮೇಷ್ಟ್ರು ಬರೆದ ಎರಡು ಅಧ್ಯಯನಗಳ ಭಾಗವನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ, ಅವರಿಗೆ ಓದಿ ಹೇಳುತ್ತೇನೆ.